ಬಾಗಿಲು ತೆರೆದ ಆಟ

ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯವನ್ನು ದುಡ್ಡು ಕೊಟ್ಟು ನೋಡುವವರು ಯಾರು? ಅಮೆರಿಕದಲ್ಲಿ ಬಹುಕಾಲ ಕೇಳಿಬರುತ್ತಿದ್ದ ಈ ಪ್ರಶ್ನೆಗೆ 2024ರ ಮಾರ್ಚ್ ತಿಂಗಳಲ್ಲಿ ಮಿನಿಯಾಪೊಲಿಸ್ ನಗರ ಉತ್ತರ ಕೊಟ್ಟಿತು. ಅಲ್ಲಿನ ಟಾರ್ಗೆಟ್ ಸೆಂಟರ್ ಎಂಬ ಕ್ರೀಡಾಮಂದಿರದಲ್ಲಿ ನಡೆದ ‘ಬಿಗ್ ಟೆನ್’ ಮಹಿಳಾ ಪಂದ್ಯಾವಳಿಯ ಟಿಕೆಟುಗಳು ಆಟ ಆರಂಭವಾಗುವ ಮುನ್ನವೇ ತೀರಿಹೋಗಿದ್ದವು. ಐದು ದಿನಗಳ ಒಟ್ಟು ಪ್ರೇಕ್ಷಕರ ಲೆಕ್ಕ ಲಕ್ಷವನ್ನು ದಾಟಿತು.

ಅಮೆರಿಕದ ವಿಶ್ವವಿದ್ಯಾಲಯಗಳು ಆಟೋಟಗಳಿಗಾಗಿ ಕಟ್ಟಿಕೊಂಡಿರುವ ಕೂಟಗಳಿಗೆ ‘ಕಾನ್ಫರೆನ್ಸ್’ ಎಂದು ಹೆಸರು. ಬಿಗ್ ಟೆನ್ ಅಂಥದೊಂದು ಹಳೆಯ ಕೂಟ. ಹೆಸರಿಗೆ ಹತ್ತಾದರೂ ಆ ವರ್ಷ ಅದರಲ್ಲಿದ್ದ ವಿದ್ಯಾಲಯಗಳು ಹದಿನಾಲ್ಕು! ಚಳಿಗಾಲವಿಡೀ ತಮ್ಮತಮ್ಮಲ್ಲಿ ಆಡುವ ಈ ತಂಡಗಳು ಕೊನೆಗೆ ಒಂದೇ ಊರಿನಲ್ಲಿ ಸೇರಿ ಪ್ರಶಸ್ತಿಗಾಗಿ ಸೆಣಸುತ್ತವೆ. ಒಮ್ಮೆ ಸೋತವರು ಅಲ್ಲಿಗೇ ಹೊರಬಿದ್ದರು. ಗೆದ್ದವರಿಗೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸ್ಥಾನ ತಾನಾಗಿಯೇ ದೊರೆಯುತ್ತದೆ. 2024ರಲ್ಲಿ ರಾಷ್ಟ್ರೀಯ ಕಣಕ್ಕಿಳಿದ 68 ತಂಡಗಳ ಪೈಕಿ 32 ತಂಡಗಳು ಹೀಗೆ ಬಂದವು; ಉಳಿದ 36ನ್ನು ಸಮಿತಿಯೊಂದು ಆರಿಸಿತು. ಪ್ರಬಲ ಕೂಟದ ತಂಡವು ಸೋತರೂ ಸಮಿತಿಯ ಕೃಪೆಯನ್ನು ನಿರೀಕ್ಷಿಸಬಹುದು. ಸಣ್ಣ ಕೂಟಗಳಿಗೆ ಆ ಆಸೆ ಬಹುಮಟ್ಟಿಗೆ ಇಲ್ಲ. ಕೊನೆಯ ವರ್ಷದ ಎಷ್ಟೋ ವಿದ್ಯಾರ್ಥಿನಿಯರ ಪಾಲಿಗೆ ಅಲ್ಲಿನ ಒಂದು ಸೋಲೆಂದರೆ ಆಟಕ್ಕೇ ವಿದಾಯ.

ಗಂಡಸರಿಗೆ ಪ್ರವೇಶವಿಲ್ಲ!

ಜೇಮ್ಸ್ ನೈಸ್ಮಿತ್ 1891ರಲ್ಲಿ ಈ ಆಟವನ್ನು ರೂಪಿಸಿದರು. ಸ್ವಲ್ಪ ಕಾಲದಲ್ಲೇ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರ ಮಾರ್ಚ್ 22ರಂದು ಅಲ್ಲಿ ನಡೆದ ಪಂದ್ಯಕ್ಕೆ ಗಂಡಸರನ್ನು ಒಳಗೆ ಬಿಡಲಿಲ್ಲ. ಮುಂದೆ ಬೆರೆನ್ಸನ್ ಹೆಣ್ಣುಮಕ್ಕಳಿಗೆಂದೇ ಬೇರೆ ನಿಯಮಗಳನ್ನು ಹೊಂದಿಸಿದರು. ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯಕೂಡದು. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಅದನ್ನು ಹಿಡಿದಿರಕೂಡದು. ಅಂಗಣದಲ್ಲಿ ತನಗೆ ಗೊತ್ತುಮಾಡಿದ ಭಾಗವನ್ನು ಬಿಟ್ಟು ಓಡಕೂಡದು. ಹೆಚ್ಚಿನ ದಣಿವು ಹೆಣ್ಣಿಗೆ ಸಲ್ಲದೆಂಬುದು ಅಂದಿನ ಜನರ ನಂಬಿಕೆ.

ಇಂಥ ನಿಯಮಗಳ ಒಂದು ಬಗೆ ಅಯೋವಾ ರಾಜ್ಯದ ಪ್ರೌಢಶಾಲೆಗಳಲ್ಲಿ 1993ರವರೆಗೂ ಉಳಿದಿತ್ತು. ತಂಡಕ್ಕೆ ಆರು ಹುಡುಗಿಯರು. ಮೂವರು ಬುಟ್ಟಿಗೆ ಎಸೆಯುವವರು, ಮೂವರು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಆದರೇನು? ಜೋಳದ ಹೊಲಗಳ ನಡುವಿನ ಆ ಊರುಗಳ ಜನ ತಮ್ಮ ಹುಡುಗಿಯರ ಆಟವನ್ನು ಮುಗಿಬಿದ್ದು ನೋಡುತ್ತಿದ್ದರು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು 1972ರಲ್ಲಿ ಕಾನೂನಾದ ಮೇಲೆ ಕಾಲೇಜುಗಳಲ್ಲಿಯೂ ಹೆಣ್ಣುಮಕ್ಕಳ ಆಟಕ್ಕೆ ಬೆಂಬಲ ಬೆಳೆಯಿತು. 1985ರ ಫೆಬ್ರವರಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ ತರುಣಿಯರು ಓಹಾಯೋ ಸ್ಟೇಟ್ ತಂಡದೊಡನೆ ಆಡಿದಾಗ ನೆರೆದವರು 22,157 ಮಂದಿ.

ಮೂವತ್ತು ಅಂಕಗಳ ಉತ್ತರಾರ್ಧ

ಕೇಟ್ಲಿನ್ ಕ್ಲಾರ್ಕ್ ಇದೇ ಅಯೋವಾದಲ್ಲಿ ಬೆಳೆದ ಹುಡುಗಿ. 2024ರ ಮಾರ್ಚ್ 3ರಂದು ಆಕೆ ಪೀಟ್ ಮರಾವಿಚ್ 1970ರಲ್ಲಿ ಸ್ಥಾಪಿಸಿದ್ದ 3,667 ಅಂಕಗಳ ದಾಖಲೆಯನ್ನು ಮುರಿದಳು. ಮರಾವಿಚ್ ಪುರುಷರ ತಂಡದ ಆಟಗಾರನೆಂಬುದನ್ನು ನೆನೆದರೆ ಆ ಸಾಧನೆಯ ತೂಕ ತಿಳಿದೀತು. ಇದಾದ ಒಂದು ವಾರಕ್ಕೆ, ಮಾರ್ಚ್ 10ರಂದು, ಬಿಗ್ ಟೆನ್ ಅಂತಿಮ ಪಂದ್ಯದಲ್ಲಿ ಅಯೋವಾ ತಂಡವು ನೆಬ್ರಾಸ್ಕಾ ತಂಡವನ್ನು ಎದುರಿಸಿತು.

ನೆಬ್ರಾಸ್ಕಾ ಸಾಮಾನ್ಯ ಎದುರಾಳಿಯಲ್ಲ. ಹಿಂದಿನ ತಿಂಗಳಷ್ಟೇ ಅದು ಅಯೋವಾವನ್ನು 82–79ರಿಂದ ಮಣಿಸಿತ್ತು. ನಾಲ್ಕು ದಿನಗಳಲ್ಲಿ ನಾಲ್ಕನೆಯ ಪಂದ್ಯವನ್ನಾಡುತ್ತಿದ್ದರೂ ಆ ತರುಣಿಯರು ಮೊದಲರ್ಧದಲ್ಲಿ ಕ್ಲಾರ್ಕಳನ್ನು ಕಟ್ಟಿಹಾಕಿದರು. ಆಕೆಗೆ ದೊರೆತದ್ದು ನಾಲ್ಕೇ ಅಂಕ! ಅಯೋವಾ ಹತ್ತಕ್ಕೂ ಹೆಚ್ಚು ಅಂಕಗಳಿಂದ ಹಿಂದೆ ಬಿತ್ತು.

ವಿರಾಮದ ತರುವಾಯ ಆಟದ ಬಣ್ಣ ಬದಲಾಯಿತು. ಕ್ಲಾರ್ಕ್ ಒಬ್ಬಳೇ ಮೂವತ್ತು ಅಂಕ ಕಲೆಹಾಕಿದಳು. ಗೆಳತಿಯರ ಕೈಗೆ ಹದವರಿತು ಚೆಂಡನ್ನು ದಾಟಿಸಿ ಅವರಿಂದಲೂ ಅಂಕ ಗಳಿಸಿದಳು. ಜೊತೆಗಾರ್ತಿ ಹಾನಾ ಸ್ಟೂಲ್ಕಿಯ ಗಳಿಕೆ ಒಟ್ಟು 25. ಇತ್ತ ನೆಬ್ರಾಸ್ಕಾದ ಜಾಜ್ ಶೆಲ್ಲಿಯೂ ಮೂವತ್ತು ಅಂಕ ಗಳಿಸಿ ತಂಡವನ್ನು ಹೊತ್ತು ನಿಂತಳು. ನಿಗದಿಯಾದ ಕಾಲ ಮುಗಿದಾಗ 77–77 ಸಮಸಮ! ಹೆಚ್ಚುವರಿ ಐದು ನಿಮಿಷಗಳಲ್ಲಿ ಅಯೋವಾ 94–89ರಿಂದ ಗೆದ್ದು ಸತತ ಮೂರನೆಯ ಬಾರಿಗೆ ಪ್ರಶಸ್ತಿಯನ್ನು ಪಡೆಯಿತು.

ಅಯೋವಾದ ಓಟ ಅಲ್ಲಿಗೆ ನಿಲ್ಲಲಿಲ್ಲ. ರಾಷ್ಟ್ರೀಯ ಅಂತಿಮ ಪಂದ್ಯದವರೆಗೂ ನಡೆದ ಆ ತಂಡ ಏಪ್ರಿಲ್ 7ರಂದು ಸೌತ್ ಕೆರೊಲಿನಾಕ್ಕೆ 87–75ರಿಂದ ಶರಣಾಯಿತು. ಪ್ರಶಸ್ತಿ ಕೈತಪ್ಪಿತು, ನಿಜ. ಆದರೆ ಆ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ಸರಾಸರಿ ಒಂದು ಕೋಟಿ ಎಂಬತ್ತೊಂಬತ್ತು ಲಕ್ಷ ಜನ ನೋಡಿದರು. ಅದೇ ವರ್ಷದ ಪುರುಷರ ಅಂತಿಮ ಪಂದ್ಯಕ್ಕೆ ಅಷ್ಟು ಮಂದಿ ಪ್ರೇಕ್ಷಕರಿರಲಿಲ್ಲ. ಗಂಡಸರ ಕಣ್ಣಿಗೆ ಬೀಳಬಾರದೆಂದು ಬಾಗಿಲು ಮುಚ್ಚಿ ಆಡಿದ ಆಟ ನೂರ ಮೂವತ್ತೊಂದು ವರ್ಷಗಳಲ್ಲಿ ಇಷ್ಟು ದೂರ ನಡೆದುಬಂದಿತ್ತು.