ಮನೆಯಲ್ಲಿ ಲ್ಯಾಟಿನ್: ಎಳೆಯ ಮಕ್ಕಳಿಗೆ ಪ್ರಾಚೀನ ಭಾಷೆಯೊಂದನ್ನು ಕಲಿಸುವ ಬಗೆ

ಲ್ಯಾಟಿನ್ ಇಂದು ಯಾವ ಜನಾಂಗದ ಮಾತೃಭಾಷೆಯೂ ಅಲ್ಲ. ರೋಮನ್ ಸಾಮ್ರಾಜ್ಯದ ಆಡುಮಾತು ಕಾಲಕ್ರಮದಲ್ಲಿ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ರುಮೇನಿಯನ್ ಮೊದಲಾದ ಭಾಷೆಗಳಾಗಿ ಕವಲೊಡೆಯಿತು. ಗ್ರಂಥಸ್ಥ ಲ್ಯಾಟಿನ್ ಮಾತ್ರ ಮಠಗಳಲ್ಲಿಯೂ ವಿದ್ಯಾಪೀಠಗಳಲ್ಲಿಯೂ ಶತಮಾನಗಳ ಕಾಲ ಉಳಿದು ಬಂದಿತು. ಆ ಆಶ್ರಯಗಳೂ ಈಗ ಹಿಂದಿನಂತಿಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನು 1960ರ ಸುಮಾರಿಗೆ ಕೈಬಿಟ್ಟವು. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಕ್ಯಾಥೊಲಿಕ್ ಪೂಜಾವಿಧಿಯು ದೇಶಭಾಷೆಗಳಲ್ಲಿ ನಡೆಯತೊಡಗಿತು. ಅದುವರೆಗೆ ಮಂಗಳೂರಿನ ಇಗರ್ಜಿಗಳಲ್ಲಿ ಮಕ್ಕಳ ಕಿವಿಗೆ ಬೀಳುತ್ತಿದ್ದ ಲ್ಯಾಟಿನ್ ಮಂತ್ರಗಳು ಕೊಂಕಣಿಗೂ ಕನ್ನಡಕ್ಕೂ ಎಡೆಮಾಡಿಕೊಟ್ಟವು.

ಹೀಗಿದ್ದರೂ ಇಂಗ್ಲೆಂಡಿನಲ್ಲಿ, ಅದಕ್ಕಿಂತ ಮಿಗಿಲಾಗಿ ಅಮೆರಿಕದಲ್ಲಿ, ಆರರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ಲ್ಯಾಟಿನ್ನನ್ನು ಮನೆಯಲ್ಲಿಯೇ ಕಲಿಸುವ ತಾಯಿತಂದೆಗಳು ಇಂದಿಗೂ ಇದ್ದಾರೆ. ಅವರಲ್ಲಿ ಅನೇಕರಿಗೆ ಲ್ಯಾಟಿನ್ ಮೊದಲೇ ಬರುತ್ತಿರಲಿಲ್ಲ. ಮಗುವಿಗಿಂತ ಒಂದೆರಡು ಪಾಠ ಮುಂದಿದ್ದುಕೊಂಡು ಅವರು ಕಲಿಸುತ್ತಾರೆ. ಬೀದಿಯಲ್ಲಿ ಕೇಳದ, ನೆರೆಯವರು ಆಡದ ಭಾಷೆಯೊಂದನ್ನು ಮನೆಯೊಂದೇ ಮಗುವಿಗೆ ಕೊಡಬಲ್ಲುದೆ? ಕೊಟ್ಟರೆ ಅದು ಎಷ್ಟು ಕಾಲ ಉಳಿದೀತು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ರೋಮನರನ್ನೇ ನೋಡೋಣ. ಕ್ರಿ. ಶ. 95ರ ಸುಮಾರಿನಲ್ಲಿ ಕ್ವಿಂಟಿಲಿಯನ್ ಎಂಬ ಅಲಂಕಾರಶಾಸ್ತ್ರದ ಆಚಾರ್ಯನು ವಾಗ್ಮಿಯ ಶಿಕ್ಷಣವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು. ರೋಮಿನ ಬಾಲಕನಿಗೆ ಮೊದಲು ಗ್ರೀಕ್ ಕಲಿಸಬೇಕು, ಲ್ಯಾಟಿನ್ ಬೇಡವೆಂದರೂ ತಾನಾಗಿ ಬರುತ್ತದೆ, ಎಂಬುದು ಅವನ ಅಭಿಪ್ರಾಯ. ಏಳು ವರ್ಷ ತುಂಬುವವರೆಗೆ ಮಗುವಿಗೆ ಓದು ಬೇಡವೆನ್ನುವವರನ್ನು ಅವನು ಒಪ್ಪುವುದಿಲ್ಲ. ದಂತದ ಅಕ್ಷರಗಳನ್ನು ಆಟಕ್ಕೆ ಕೊಡಿ ಎನ್ನುತ್ತಾನೆ. ಆದರೆ ಇನ್ನೂ ಪ್ರೀತಿಸಲಾರದ ವಿದ್ಯೆಯನ್ನು ಮಗು ದ್ವೇಷಿಸುವಂತೆ ಮಾಡಬಾರದೆಂಬ ಎಚ್ಚರಿಕೆಯನ್ನೂ ಅವನೇ ಕೊಟ್ಟಿದ್ದಾನೆ. ಈ ಎಚ್ಚರಿಕೆಗೆ ಇಂದಿಗೂ ಮುಪ್ಪಿಲ್ಲ.

ಅದೇ ಕಾಲಕ್ಕೆ ಸಾಮ್ರಾಜ್ಯದ ಉತ್ತರದ ಅಂಚಿನಲ್ಲಿ, ಇಂದಿನ ಇಂಗ್ಲೆಂಡಿನ ವಿಂಡೊಲಾಂಡ ಎಂಬ ಕೋಟೆಯಲ್ಲಿ, ಫ್ಲಾವಿಯಸ್ ಸೆರಿಯಾಲಿಸ್ ಎಂಬ ದಳಪತಿಯು ಹೆಂಡತಿಮಕ್ಕಳೊಡನೆ ವಾಸವಾಗಿದ್ದನು. ಅವನ ದಳದವರು ರೈನ್ ನದಿಯ ಮುಖಜ ಭೂಮಿಯಿಂದ ಬಂದ ಬಟಾವಿಯನರು. ಅವರ ಮೂಲ ನುಡಿ ಲ್ಯಾಟಿನ್ ಅಲ್ಲ. 1973ರಿಂದ ಅಲ್ಲಿನ ಅಗೆತದಲ್ಲಿ ಮಸಿಯಿಂದ ಬರೆದ ತೆಳುವಾದ ಮರದ ಹಲಗೆಗಳು ನೂರಾರು ಸಂಖ್ಯೆಯಲ್ಲಿ ದೊರೆತಿವೆ. ದಳಪತಿಯ ಪತ್ನಿ ಲೆಪಿಡಿನಾಳಿಗೆ ಆಕೆಯ ಗೆಳತಿಯಿಂದ ಬಂದ ಹುಟ್ಟುಹಬ್ಬದ ಆಮಂತ್ರಣ ಅವುಗಳಲ್ಲಿ ಪ್ರಸಿದ್ಧವಾದುದು. ಇನ್ನೊಂದು ಹಲಗೆಯಲ್ಲಿ ಮಹಾಕವಿ ವರ್ಜಿಲನ ಈನಿಡ್ ಕಾವ್ಯದ ಒಂದು ಪಂಕ್ತಿಯನ್ನು ನಕಲು ಮಾಡಲಾಗಿದೆ. ಅದರ ಕೊನೆಯಲ್ಲಿ ಬೇರೊಂದು ಕೈ ಬರೆದ ಕೆಲವು ಅಕ್ಷರಗಳಿವೆ. ಇದು ಆ ಮನೆಯ ಮಗುವಿನ ಬರವಣಿಗೆಯ ಅಭ್ಯಾಸವಿರಬೇಕು, ಕೊನೆಯ ಅಕ್ಷರಗಳು ‘ಉದಾಸೀನದ ಬರಹ’ ಎಂದು ಗುರು ಹಾಕಿದ ಷರಾ ಇರಬೇಕು, ಎಂದು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆ ನಿಜವಾದರೆ, ತವರಿನಿಂದ ದೂರವಾದ ಸಂಸಾರವೊಂದು ತನ್ನದಲ್ಲದ ಭಾಷೆಯನ್ನು ಮನೆಯಲ್ಲಿ ಮಕ್ಕಳಿಗೆ ತಿದ್ದಿಸಿದ ಕುರುಹು ಇದು. ಸುಮಾರು ಸಾವಿರದ ಒಂಬೈನೂರು ವರ್ಷ ಹಳೆಯದು.

ಮನೆಯ ಲ್ಯಾಟಿನ್ನಿಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಫ್ರಾನ್ಸಿನ ಪ್ರಬಂಧಕಾರ ಮೊಂತೇನನದು. ಅವನು ಹುಟ್ಟಿದ್ದು 1533ರಲ್ಲಿ. ಮಗುವಿಗೆ ಮಾತು ಬರುವ ಮೊದಲೇ ತಂದೆಯು ಒಬ್ಬ ಜರ್ಮನ್ ಪಂಡಿತನನ್ನು ಮನೆಗೆ ಕರೆಸಿದನು. ಅವನಿಗೆ ಫ್ರೆಂಚ್ ಬಾರದು, ಲ್ಯಾಟಿನ್ ಚೆನ್ನಾಗಿ ಬಲ್ಲವನು. ತಂದೆ, ತಾಯಿ, ಆಳುಕಾಳುಗಳೆಲ್ಲರೂ ಮಗುವಿನೊಡನೆ ತಮಗೆ ಬಂದಷ್ಟು ಲ್ಯಾಟಿನ್ನಿನಲ್ಲಿಯೇ ಮಾತನಾಡಬೇಕೆಂದು ಕಟ್ಟಳೆಯಾಯಿತು. ಸುತ್ತಣ ಹಳ್ಳಿಗಳಲ್ಲಿ ಕೂಡ ಕೆಲವು ಉಪಕರಣಗಳಿಗೆ ಲ್ಯಾಟಿನ್ ಹೆಸರುಗಳು ಹಬ್ಬಿ ನೆಲೆಸಿದುವೆಂದು ಮೊಂತೇನ್ ಹೇಳುತ್ತಾನೆ. ವ್ಯಾಕರಣವಿಲ್ಲದೆ, ಬೆತ್ತವಿಲ್ಲದೆ, ಕಣ್ಣೀರಿಲ್ಲದೆ ಅವನಿಗೆ ಲ್ಯಾಟಿನ್ ಬಂದಿತು. ಆರು ವರ್ಷ ದಾಟುವವರೆಗೆ ಫ್ರೆಂಚ್ ತಿಳಿಯದು.

ಕಥೆಯ ಉತ್ತರಾರ್ಧವು ಇನ್ನೂ ವಿಚಾರಾರ್ಹವಾಗಿದೆ. ಆರನೆಯ ವಯಸ್ಸಿನಲ್ಲಿ ಬಾಲಕನನ್ನು ಬೋರ್ದೋ ನಗರದ ವಿದ್ಯಾಲಯಕ್ಕೆ ಸೇರಿಸಿದರು. ಅದು ಒಳ್ಳೆಯ ವಿದ್ಯಾಲಯವೇ. ಆದರೂ ಅಲ್ಲಿ ಸೇರಿದೊಡನೆ ಅವನ ಲ್ಯಾಟಿನ್ ಕೆಡತೊಡಗಿತು. ಬರಬರುತ್ತ ಆಡುವ ರೂಢಿಯೇ ತಪ್ಪಿಹೋಯಿತು. ಉಳಿದುದು ಓದು ಮಾತ್ರ. ಅದು ಉಳಿದ ಬಗೆಯೂ ಸ್ವಾರಸ್ಯಕರವಾಗಿದೆ. ಏಳೆಂಟು ವರ್ಷದ ಹುಡುಗನ ಕೈಗೆ ಓವಿಡ್ ಕವಿಯ ರೂಪಾಂತರ ಕಥೆಗಳು ಸಿಕ್ಕವು. ಹುಡುಗನು ಪಾಠ ಬಿಟ್ಟು ಅವನ್ನು ಕದ್ದು ಓದುತ್ತಿದ್ದುದನ್ನು ಒಬ್ಬ ಜಾಣ ಉಪಾಧ್ಯಾಯನು ಕಂಡೂ ಕಾಣದಂತಿದ್ದನು. ಅಲ್ಲಿಂದ ವರ್ಜಿಲ್, ಟೆರೆನ್ಸ್, ಪ್ಲಾಟಸರ ಕೃತಿಗಳಿಗೆ ಹಾದಿ ತೆರೆಯಿತು. ಮನೆಯಲ್ಲಿ ಬಿತ್ತಿದ್ದನ್ನು ಉಳಿಸಿದ್ದು ಅವನೇ ಬಯಸಿ ಓದಿದ ಒಂದು ಕಥೆಪುಸ್ತಕ.

ಮನೆಗೆ ಪಂಡಿತನನ್ನು ಕರೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಷ್ಟೆ. ಆದಕಾರಣ ಮುಂದಿನವರು ಸುಲಭವಾದ ಉಪಾಯಗಳನ್ನು ಹುಡುಕಿದರು. ಎಲಿಜಬೆತ್ ರಾಣಿಗೆ ಗುರುವಾಗಿದ್ದ ರೋಜರ್ ಆಸ್ಕಂ ತನ್ನ ಮರಣಾನಂತರ 1570ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇಮ್ಮಡಿ ಅನುವಾದದ ಕ್ರಮವನ್ನು ವಿವರಿಸಿದನು. ಮಗುವು ಸಿಸೆರೊವಿನ ಒಂದು ಪತ್ರವನ್ನು ಇಂಗ್ಲಿಷಿಗೆ ತರಬೇಕು. ಸ್ವಲ್ಪ ಹೊತ್ತು ಕಳೆದ ಮೇಲೆ ಮೂಲವನ್ನು ನೋಡದೆ ತನ್ನ ಇಂಗ್ಲಿಷನ್ನು ಮತ್ತೆ ಲ್ಯಾಟಿನ್ನಿಗೆ ತಿರುಗಿಸಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು. ಮೊರಾವಿಯದ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದ ಸಚಿತ್ರ ಜಗತ್ತು ಎಂಬ ಪುಸ್ತಕದಲ್ಲಿ ಪ್ರತಿಯೊಂದು ಪಾಠಕ್ಕೂ ಒಂದು ಚಿತ್ರವಿದೆ. ಚಿತ್ರದ ವಸ್ತುಗಳಿಗೆ ಅಂಕೆ ಹಾಕಿ, ಅದೇ ಅಂಕೆಗಳನ್ನು ಲ್ಯಾಟಿನ್ ಮತ್ತು ಜರ್ಮನ್ ಪದಗಳ ಮಗ್ಗುಲಲ್ಲಿ ಕೊಟ್ಟಿದ್ದಾನೆ. ಮಕ್ಕಳ ಸಚಿತ್ರ ಪುಸ್ತಕಗಳೆಲ್ಲಕ್ಕೂ ಇದು ಮೂಲಪುರುಷನೆನ್ನಬಹುದು.

ಇವರೆಲ್ಲರಿಗಿಂತ ಧೈರ್ಯದ ಮಾತನ್ನು ಹೇಳಿದವನು ತತ್ತ್ವಜ್ಞಾನಿ ಜಾನ್ ಲಾಕ್. 1693ರ ತನ್ನ ಶಿಕ್ಷಣವಿಚಾರ ಗ್ರಂಥದಲ್ಲಿ ಅವನು, ಲ್ಯಾಟಿನ್ ಮಹಾಕಷ್ಟವೆಂಬ ಗದ್ದಲವೆಲ್ಲ ವ್ಯರ್ಥ, ತಾಯಿಯೇ ಅದನ್ನು ಕಲಿಸಬಹುದು, ಎನ್ನುತ್ತಾನೆ. ದಿನಕ್ಕೆ ಎರಡು ಮೂರು ಗಂಟೆ ಆಕೆ ಮಗುವಿನಿಂದ ಲ್ಯಾಟಿನ್ ಸುವಾರ್ತೆಗಳನ್ನು ಓದಿಸಿ ಕೇಳಿದರೆ ಸಾಕು. ಅದಕ್ಕೆ ಬೇಕಾದ ಸಿದ್ಧತೆ ಒಂದೇ: ದೊಡ್ಡ ಪದಗಳಲ್ಲಿ ಉಪಾಂತ್ಯಾಕ್ಷರವು ಎಲ್ಲಿ ದೀರ್ಘವೆಂಬುದನ್ನು ಬಲ್ಲವರಿಂದ ಗುರುತು ಹಾಕಿಸಿಕೊಳ್ಳುವುದು. ವ್ಯಾಪಾರಕ್ಕೆ ಹೋಗಲಿರುವ ಹುಡುಗನಿಗೆ ಲ್ಯಾಟಿನ್ ಹೇರುವುದು ಹಾಸ್ಯಾಸ್ಪದವೆಂದೂ ಅವನು ಸಂಕೋಚವಿಲ್ಲದೆ ಹೇಳಿದನು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಮಿಲ್ ಒಂದೇ ಮೇಜಿನ ಬಳಿ ಎರಡು ಕೆಲಸಗಳನ್ನು ನಡೆಸುತ್ತಿದ್ದನು. ಒಂದು, ನಮ್ಮ ವಾಚಕರಿಗೆ ಪರಿಚಿತವಾದ ಬ್ರಿಟಿಷ್ ಇಂಡಿಯಾದ ಇತಿಹಾಸದ ರಚನೆ. ಇನ್ನೊಂದು, ಮಗ ಜಾನ್ ಸ್ಟೂಅರ್ಟನ ಶಿಕ್ಷಣ. ಹುಡುಗನು ಮೂರನೆಯ ವಯಸ್ಸಿನಲ್ಲಿ ಗ್ರೀಕ್ ತೊಡಗಿ, ಎಂಟನೆಯ ವರ್ಷದಲ್ಲಿ ಲ್ಯಾಟಿನ್ ಹಿಡಿದನು. ತಾನು ಕಲಿಯುತ್ತಲೇ ಅದನ್ನು ತಂಗಿಗೆ ಕಲಿಸಬೇಕೆಂಬುದು ತಂದೆಯ ಆಜ್ಞೆ. ಮುಂದೆ ಉಳಿದ ತಮ್ಮತಂಗಿಯರೂ ಅವನ ಪಾಲಿಗೆ ಬಂದರು. ಈ ಹೊಣೆ ತನಗೆ ಸ್ವಲ್ಪವೂ ರುಚಿಸಲಿಲ್ಲವೆಂದು ಮಿಲ್ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆದರೆ ಕಲಿಸಬೇಕಾದುದರಿಂದ ಕಲಿತದ್ದು ಗಟ್ಟಿಯಾಗಿ ನಿಂತಿತೆಂದೂ ಒಪ್ಪಿಕೊಂಡಿದ್ದಾನೆ.

ಇನ್ನು ಭಾಷೆಯ ಸ್ವರೂಪವನ್ನು ನೋಡೋಣ. ಇಂಗ್ಲಿಷ್ ಮಗುವಿಗೆ ಲ್ಯಾಟಿನ್ ಕಠಿನವಾಗಲು ಮುಖ್ಯ ಕಾರಣ ವಿಭಕ್ತಿ. ಇಂಗ್ಲಿಷಿನಲ್ಲಿ ನಾಮಪದದ ಕರ್ತೃ–ಕರ್ಮಗಳನ್ನು ಪದಗಳ ಸ್ಥಾನ ತಿಳಿಸುತ್ತದೆ. ಲ್ಯಾಟಿನ್ನಿನಲ್ಲಿ ಪ್ರತ್ಯಯ ತಿಳಿಸುತ್ತದೆ. ಕನ್ನಡದ ಮಗುವಿಗೆ ಇದು ಹೊಸತೇ ಅಲ್ಲ. ‘ಪುಎಲ್ಲ ರೊಸಮ್ ವಿದೆತ್’ ಎಂದರೆ ‘ಬಾಲಕಿ ಗುಲಾಬಿಯನ್ನು ನೋಡುತ್ತಾಳೆ’. ಪದಕ್ಕೆ ಪದ, ಕ್ರಮಕ್ಕೆ ಕ್ರಮ ಸರಿಹೊಂದುತ್ತದೆ. ‘ರೊಸಮ್ ಪುಎಲ್ಲ ವಿದೆತ್’ ಎಂದು ತಿರುಗಿಸಿದರೂ, ‘ಗುಲಾಬಿಯನ್ನು ಬಾಲಕಿ ನೋಡುತ್ತಾಳೆ’ ಎಂಬಂತೆ, ಅರ್ಥ ಕೆಡುವುದಿಲ್ಲ. ಕ್ರಿಯಾಪದವೂ ಹಾಗೆಯೇ: ‘ಅಮೋ, ಅಮಾಸ್, ಅಮತ್’ ಎಂದರೆ ‘ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ, ಪ್ರೀತಿಸುತ್ತಾನೆ ಅಥವಾ ಪ್ರೀತಿಸುತ್ತಾಳೆ’, ನಾನು, ನೀನು ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಲ್ಯಾಟಿನ್ನಿನ ಐದನೆಯ ವಿಭಕ್ತಿಯು ಸಾಧನವನ್ನೂ ಅಗಲಿಕೆಯನ್ನೂ ಒಂದೇ ರೂಪದಲ್ಲಿ ಹೇಳುತ್ತದೆ. ‘ಮನೂ’ ಎಂದರೆ ‘ಕೈಯಿಂದ’, ‘ರೋಮಾ’ ಎಂದರೆ ‘ರೋಮಿನಿಂದ’. ನಮ್ಮ ‘ಇಂದ’ ಪ್ರತ್ಯಯವೂ ಬಳಕೆಯಲ್ಲಿ ಈ ಎರಡು ಕೆಲಸಗಳನ್ನೂ ಮಾಡುವುದು ಗಮನಾರ್ಹ.

ಲಿಪಿಯ ಅನುಕೂಲ ಇನ್ನೊಂದು. ಲ್ಯಾಟಿನ್ನಿನಲ್ಲಿ ಎ–ಏ, ಒ–ಓ ಸಹಿತವಾಗಿ ಐದು ಸ್ವರಗಳಿಗೂ ಹ್ರಸ್ವದೀರ್ಘ ಭೇದವಿದೆ. ರೋಮನ್ ಬರವಣಿಗೆ ಅದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಲಾಕ್ ಹೇಳಿದ ಗುರುತಿನ ಅಗತ್ಯ ಬಿದ್ದುದು ಇದರಿಂದಲೇ. ಹಿಂದಿ, ಮರಾಠಿಗಳು ಬಳಸುವ ರೂಢಿಯ ನಾಗರಿಯಲ್ಲಿಯೂ ಹ್ರಸ್ವ ಎ, ಒ ಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಕನ್ನಡ ಲಿಪಿಯಲ್ಲಾದರೋ ‘ರೊಸ’ ಎಂಬ ಪ್ರಥಮಾ ರೂಪವನ್ನೂ ‘ರೊಸಾ’ ಎಂಬ ಪಂಚಮೀ ರೂಪವನ್ನೂ ಗೊಂದಲವಿಲ್ಲದೆ ಬರೆಯಬಹುದು. ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ಎಷ್ಟೋ ಪದಗಳ ದಾಯಾದಿಗಳೂ ಲ್ಯಾಟಿನ್ನಿನಲ್ಲಿವೆ: ಮಾತೆಗೆ ‘ಮಾತೆರ್’, ಭ್ರಾತೃವಿಗೆ ‘ಫ್ರಾತೆರ್’, ಅಗ್ನಿಗೆ ‘ಇಗ್ನಿಸ್’, ಸಪ್ತಕ್ಕೆ ‘ಸೆಪ್ತೆಮ್’. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಈ ನಂಟನ್ನು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಿಂದ ವಿದ್ವತ್ಪ್ರಪಂಚದ ಗಮನಕ್ಕೆ ತಂದನು.

ತೊಡಕೂ ಇಲ್ಲದಿಲ್ಲ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗೋಡೆಯೂ ಹೂವೂ ನಪುಂಸಕಗಳೇ, ವಿಶೇಷಣವೂ ಬದಲಾಗದು. ಲ್ಯಾಟಿನ್ನಿನಲ್ಲಿ ಬಿಳಿಯ ಗೋಡೆ ‘ಮೂರುಸ್ ಅಲ್ಬುಸ್’, ಬಿಳಿಯ ಗುಲಾಬಿ ‘ರೊಸ ಅಲ್ಬ’, ಬಿಳಿಯ ನೈದಿಲೆಯಂಥ ಲಿಲಿ ಹೂ ‘ಲೀಲಿಉಮ್ ಅಲ್ಬುಮ್’. ಇಲ್ಲಿ ಮುಂಬಯಿ, ಪುಣೆಗಳ ಕನ್ನಡ ಮಗುವಿಗೆ ನೆರೆಯ ಭಾಷೆ ನೆರವಾಗುತ್ತದೆ. ಪಾಂಢರಾ, ಪಾಂಢರೀ, ಪಾಂಢರೇ ಎಂದು ಮರಾಠಿಯಲ್ಲಿ ಆಡಿದ ನಾಲಗೆಗೆ ಈ ಮೂರು ರೂಪಗಳು ವಿಚಿತ್ರವೆನಿಸವು.

ಇಂದು ಬಳಕೆಯಲ್ಲಿರುವ ಕ್ರಮಗಳು ಸ್ಥೂಲವಾಗಿ ಎರಡು. ಮೊದಲನೆಯದು ಬಾಯಿಪಾಠ: ಮಗ್ಗಿಯಂತೆ, ಅಮರಕೋಶದಂತೆ, ನಾಮಕ್ರಿಯಾರೂಪಗಳನ್ನು ರಾಗವಾಗಿ ಹೇಳಿಸುವುದು. ಆರೇಳು ವರ್ಷದ ಮಕ್ಕಳಿಗೆ ಇದು ಆಟದಂತೆಯೇ ಸರಿ. ಎರಡನೆಯದು ಓದು: ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ 1955ರಲ್ಲಿ ಮೊದಲು ಪ್ರಕಟಿಸಿದ ಪಾಠಮಾಲೆ ಆರಂಭದಿಂದ ಕೊನೆಯವರೆಗೂ ಲ್ಯಾಟಿನ್ನಿನಲ್ಲಿಯೇ ಇದೆ, ಸಂದರ್ಭದಿಂದಲೂ ಚಿತ್ರಗಳಿಂದಲೂ ಅರ್ಥ ಹೊಳೆಯುತ್ತದೆ. ಎಳೆಯರಿಗಾಗಿ ಬಾರ್ಬರಾ ಬೆಲ್ 1999ರಲ್ಲಿ ಹೊರತಂದ ‘ಮಿನಿಮಸ್’ ಪುಸ್ತಕದ ನಾಯಕ ಒಂದು ಇಲಿ. ಅದರ ವಾಸ ವಿಂಡೊಲಾಂಡದ ಅದೇ ಸೆರಿಯಾಲಿಸನ ಮನೆಯಲ್ಲಿ. ಯಾವ ಕ್ರಮವನ್ನೇ ಹಿಡಿದರೂ ದಿನಕ್ಕೆ ಕಾಲು ಗಂಟೆಯ ಪಾಠ ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ಮೇಲು. ಅದಕ್ಕಿಂತ ಮೇಲಾದುದು ಮನೆಗೆಲಸದ ನಡುವೆ ಬರುವ ಮಾತು. ‘ವೆನೀ’ ಎಂದರೆ ಬಾ. ‘ಕ್ಲೌದೆ ಯಾನುಅಮ್’ ಎಂದರೆ ಬಾಗಿಲನ್ನು ಮುಚ್ಚು. ‘ದಾ ಮಿಹಿ ಅಕ್ವಮ್’ ಎಂದರೆ ನನಗೆ ನೀರು ಕೊಡು. ಬಾಯಾರಿದಾಗ ಬಂದ ಚತುರ್ಥೀ ವಿಭಕ್ತಿ ಮರೆಯುವುದಿಲ್ಲ.

ಕಲಿತದ್ದು ಉಳಿಯುತ್ತದೆಯೇ ಎಂಬ ಎರಡನೆಯ ಪ್ರಶ್ನೆಗೆ ಆಂಗ್ಲ ಲೇಖಕಿ ಡೊರೊಥಿ ಸೇಯರ್ಸಳ ಅನುಭವವು ಮೊಂತೇನನ ಅನುಭವಕ್ಕೆ ಎದುರು ನಿದರ್ಶನವಾಗಿದೆ. ಪಾದ್ರಿಯಾಗಿದ್ದ ತಂದೆಯು ಆಕೆಗೆ ಏಳು ತುಂಬುವ ಮೊದಲೇ ಮನೆಯಲ್ಲಿ ಲ್ಯಾಟಿನ್ ಆರಂಭಿಸಿದನು. ವ್ಯಾಕರಣ ಬಂದಿತು; ಮುಂದೆ ವರ್ಷಗಳು ಕಳೆದರೂ ಒಂದು ಲ್ಯಾಟಿನ್ ಪುಸ್ತಕವನ್ನು ಸರಾಗವಾಗಿ ಓದುವ ಶಕ್ತಿ ಮಾತ್ರ ಬರಲಿಲ್ಲವೆಂದು 1952ರ ಒಂದು ಉಪನ್ಯಾಸದಲ್ಲಿ ಆಕೆ ದೂರಿದಳು. ಮಧ್ಯಯುಗದ ಸರಳ ಲ್ಯಾಟಿನ್ ಬರಹಗಳನ್ನು ಮಕ್ಕಳ ಕೈಗೆ ಕೊಡಬೇಕಾಗಿತ್ತೆಂಬುದು ಆಕೆಯ ವಾದ.

ಈ ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನೆಯು ಯಾವ ಭಾಷೆಯನ್ನಾದರೂ ಆರಂಭಿಸಿಕೊಡಬಲ್ಲದು. ಪಂಡಿತನಿಲ್ಲದಿದ್ದರೂ ತಾಯಿಯಿಂದ ಅದು ಸಾಧ್ಯ. ಆದರೆ ಬೇಗ ಆರಂಭಿಸಿದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ. ಮೊಂತೇನನಿಗೆ ಆಡುವ ಜೊತೆ ತಪ್ಪಿದೊಡನೆ ಮಾತು ತಪ್ಪಿತು, ಮೆಚ್ಚಿನ ಪುಸ್ತಕ ಸಿಕ್ಕಿದ್ದರಿಂದ ಓದು ನಿಂತಿತು. ಮಿಲ್ಲನಿಗೆ ಕಲಿಸಲು ತಂಗಿಯಿದ್ದಳು. ಸೇಯರ್ಸಳಿಗೆ ಎಲ್ಲವೂ ಇದ್ದು, ಓದಬೇಕೆನಿಸುವ ಸುಲಭದ ಪುಸ್ತಕವಿರಲಿಲ್ಲ. ಅಂತು ಮಗುವಿಗೆ ಬೇಕಾದುವು ಮೂರು: ಆಡಲು ಒಬ್ಬ ಜೊತೆಗಾರ, ತಾನೇ ಬಯಸಿ ಓದುವ ಒಂದು ಕಥೆ, ತಾನು ಕಲಿತದ್ದನ್ನು ಹೇಳಿಕೊಡಲು ತನಗಿಂತ ಕಿರಿಯನೊಬ್ಬ.

ನಾಡಿನ ಹೊರಗೆ ನೆಲೆಸಿರುವ ನಮ್ಮ ಮನೆಗಳಲ್ಲಿ ಕನ್ನಡಕ್ಕೂ ಬೀದಿಯ ಬೆಂಬಲ ಕಡಮೆ. ಲ್ಯಾಟಿನ್ನಿಗೆ ಇಲ್ಲದ ಭಾಗ್ಯ ಅದಕ್ಕೆ ಉಂಟು: ಊರಿನಲ್ಲಿ ಅಜ್ಜಿಯಿದ್ದಾಳೆ, ಹೊಸ ಪುಸ್ತಕ ಬರುತ್ತಿದೆ, ರಜೆಗೆ ಹೋದರೆ ಕೋಟಿಗಟ್ಟಲೆ ಜನ ಆಡುತ್ತಿದ್ದಾರೆ. ಮೊಂತೇನನ ತಂದೆ ಅಷ್ಟು ವೆಚ್ಚಮಾಡಿ ಕಟ್ಟಿಕೊಟ್ಟ ಸೌಕರ್ಯ ನಮಗೆ ವೆಚ್ಚವಿಲ್ಲದೆ ದೊರೆತಿದೆ. ಮಗುವಿಗೆ ಅಕ್ಷರ ತಿದ್ದಿಸಿದ ಮಾರನೆಯ ದಿನವೇ ಅದರ ಕೈಗೆ ಯಾವ ಕಥೆಯನ್ನು ಕೊಡಬೇಕೆಂಬುದು ನಾವು ಯೋಚಿಸಬೇಕಾದ ವಿಷಯ.