ತಕ್ಕಡಿಯ ಲೆಕ್ಕ, ಕರಿಹಲಗೆಯ ಲೆಕ್ಕ

ಶಿವಾಜಿನಗರದ ಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದ ಮೊದಲ ವಾರ ನಾನು ಏಳನೇ ತರಗತಿಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಬಹುಮುಖ ಬುದ್ಧಿಶಕ್ತಿಯ ಪಾಠ ಆಗತಾನೇ ಮುಗಿದಿತ್ತು. ಯಾರಿಗೆ ಭಾಷೆ, ಯಾರಿಗೆ ಸಂಗೀತ, ಯಾರಿಗೆ ಆಟ ಎಂದು ಮಕ್ಕಳ ಹೆಸರುಗಳನ್ನು ಹಂಚಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ‘ಆಟ’ದ ಕೆಳಗೆ ಹಾಕಿದೆ. 180ರ ಮುಕ್ಕಾಲು ಭಾಗ ಕೇಳಿದರೆ ಅವನು ಅಂಶ, ಛೇದ ಎರಡನ್ನೂ 180ರಿಂದ ಗುಣಿಸಿ 540/720 ಎಂದು ಬರೆದಿದ್ದ. ಗಣಿತದ ಹುಡುಗನಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಅದೇ ಸಂಜೆ ರಸೆಲ್ ಮಾರುಕಟ್ಟೆಯ ಬಳಿ ಚಿಕ್ಕಪ್ಪನ ಹಣ್ಣಿನ ಗಾಡಿಯ ಪಕ್ಕ ಅವನು ನಿಂತಿದ್ದ. ಸೇಬು ಕಿಲೋಗೆ 180. ಮುಕ್ಕಾಲು ಕಿಲೋ ಕೇಳಿದೆ. ‘ನೂರಾ ಮೂವತ್ತೈದು, ಮಿಸ್’ ಎಂದ, ಸೇಬು ಆರಿಸುತ್ತಲೇ. ಹೇಗೆ ಎಂದು ಕೇಳಿದರೆ, ಅರ್ಧಕ್ಕೆ ತೊಂಬತ್ತು, ಕಾಲಿಗೆ ನಲವತ್ತೈದು ಅಂದ.

ಚಾರ್ಟಿನ ತಪ್ಪಿಗೆ ಹೋವರ್ಡ್ ಗಾರ್ಡ್ನರ್ ಅವರನ್ನು ದೂರಿ ಪ್ರಯೋಜನವಿಲ್ಲ. 1983ರ ‘ಫ್ರೇಮ್ಸ್ ಆಫ್ ಮೈಂಡ್’ನಲ್ಲಿ ಅವರು ಹೇಳಿದ್ದು ಏಳು ಬಗೆಯ ಬುದ್ಧಿಶಕ್ತಿ, ನಿಸರ್ಗದ್ದು ಆಮೇಲೆ ಸೇರಿತು. ಇವು ಒಬ್ಬೊಬ್ಬರಲ್ಲೂ ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ ಎಂದರೇ ಹೊರತು ಮಗುವಿಗೊಂದು ಚೀಟಿ ಅಂಟಿಸಿ ಎನ್ನಲಿಲ್ಲ. ಇನ್ನೊಂದು ಕಡೆ, ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಸಾಮಾನ್ಯವಾಗಿ ಉಳಿದವುಗಳಲ್ಲೂ ಮುಂದಿರುತ್ತಾರೆ ಎಂದು 1904ರಲ್ಲೇ ಸ್ಪಿಯರ್‌ಮನ್ ತೋರಿಸಿದ್ದರು. ಈ ಜಗಳ ಇನ್ನೂ ಮುಗಿದಿಲ್ಲ. ಪರೀಕ್ಷೆಯಲ್ಲಿ ಮಾತ್ರ ನಾವು ಗಾರ್ಡ್ನರ್ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತೇವೆ.

ನನಗೆ ಹೆಚ್ಚು ಹೊಳೆಸಿದ್ದು ನಮ್ಮ ಊರಿನವರೇ ಆದ ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರಿಗೆ ಕ್ರಮವಾದ ಶಾಲಾ ಶಿಕ್ಷಣ ಸಿಗಲಿಲ್ಲ. ತಂದೆ ಸರ್ಕಸ್ಸಿನವರು, ಇಸ್ಪೀಟು ಎಲೆಗಳ ಆಟದಲ್ಲೇ ಮಗುವಿನ ಸಂಖ್ಯಾಶಕ್ತಿ ಗೊತ್ತಾಯಿತು. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದರು. 6,16,29,875ರ ಘನಮೂಲ 395 ಎಂದು, ಜೆನ್ಸನ್ ಸಂಖ್ಯೆಯನ್ನು ಬರೆದುಕೊಳ್ಳುವ ಮೊದಲೇ ಹೇಳಿದ್ದರಂತೆ. ಆದರೆ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಮಾನ್ಯವೇನಲ್ಲ. ಅಂದರೆ ಮಿದುಳಿನ ಒಟ್ಟಾರೆ ವೇಗವಷ್ಟೇ ಅಲ್ಲ. ಚಿಕ್ಕಂದಿನಿಂದ ಸಂಖ್ಯೆಗಳ ಜೊತೆ ಆಡಿ ಬೆಳೆದದ್ದೂ ಇದರಲ್ಲಿ ಸೇರಿರಬೇಕು ಎಂದು ನನಗನಿಸುತ್ತದೆ.

ಹಾಗೆ ಒಂದು ಕಡೆ ಬೆಳೆದದ್ದು ಇನ್ನೊಂದು ಕಡೆಗೆ ತಾನಾಗಿ ದಾಟುವುದಿಲ್ಲ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಅಧ್ಯಯನ 1985ರಲ್ಲಿ ಪ್ರಕಟವಾಯಿತು: ವ್ಯಾಪಾರದ ನಡುವೆ ಶೇ. 98 ಉತ್ತರ ಸರಿ, ಅಂಥವೇ ಲೆಕ್ಕ ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸುಮಾರು ಶೇ. 37. ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2025ರಲ್ಲಿ ಇದನ್ನೇ ಹೇಳಿದರು. ಅಲ್ಲಿ ಇನ್ನೊಂದು ಮಾತೂ ಇದೆ: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು.

ದಾಟಿಸುವ ಕೆಲಸ ನನ್ನದು. ಮರುದಿನ ಚಾರ್ಟ್ ತೆಗೆದೆ. ಅವನ ಮಾತನ್ನೇ ಹಲಗೆಯ ಮೇಲೆ ಬರೆದೆ: 1/2 × 180 = 90, 1/4 × 180 = 45, ಎರಡೂ ಸೇರಿ 3/4. ‘ಇದು ಮುಕ್ಕಾಲಾ ಮಿಸ್?’ ಎಂದು ಕೇಳಿದ. 3/4 ಎಂಬ ಗುರುತಿಗೂ ಮುಕ್ಕಾಲಿಗೂ ಅವನ ತಲೆಯಲ್ಲಿ ಅಲ್ಲಿಯವರೆಗೆ ನಂಟೇ ಇರಲಿಲ್ಲ. ಮನೆಯಲ್ಲಿ ದಖನಿ ಉರ್ದು, ವ್ಯಾಪಾರಕ್ಕೆ ಕನ್ನಡ ತಮಿಳು ಎರಡೂ. ಭಿನ್ನರಾಶಿಯ ಬರಹ ಅವನಿಗೆ ನಾಲ್ಕನೇ ಭಾಷೆ.

180ರ 2/5 ಕೇಳಿದೆ. ಸ್ವಲ್ಪ ತಡೆದು, ಇನ್ನೂರು ಗ್ರಾಂ ಕಲ್ಲು ಎರಡು ಸಲ, ಎಪ್ಪತ್ತೆರಡು ಎಂದ. 210ರ 2/7 ಕೇಳಿದಾಗ ನಿಂತುಬಿಟ್ಟ. ‘ಅಂಥ ಕಲ್ಲು ಇಲ್ಲ ಮಿಸ್.’ ಮುಂದಿನ ಪಾಠಯೋಜನೆಯನ್ನು ಅಲ್ಲಿಂದಲೇ ಶುರುಮಾಡಿದೆ, ಏಳು ಮಡಿಕೆಯ ಒಂದು ಕಾಗದದ ಪಟ್ಟಿಯೊಂದಿಗೆ.