ಕುಂಡದಲ್ಲಿ ಕಾಡುಬಸಳೆ

ನಮ್ಮ ಆಂಡಿಪಟ್ಟಿಯ ಬಿಸಿಲಿಗೆ ಗುಲಾಬಿ ಬಾಡಿದರೂ ಕಾಡುಬಸಳೆ ಬಾಡದು. ಆದರೂ ಕಳೆದ ವರ್ಷ ನಮ್ಮ ಮನೆಯ ಕುಂಡದಲ್ಲಿದ್ದ ಗಿಡ ಸತ್ತುಹೋಯಿತು. ನೀರಿಲ್ಲದೆ ಅಲ್ಲ, ನಾವು ದಿನವೂ ಅಕ್ಕರೆಯಿಂದ ಹೊಯ್ದ ನೀರಿನಿಂದಲೇ ಬುಡ ಕೊಳೆತಿತ್ತು.

ಈ ಗಿಡಕ್ಕೆ ತನ್ನ ದಪ್ಪ ಎಲೆಗಳೇ ನೀರಿನ ಕೊಡ. ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಉಳಿಸುತ್ತದೆ. ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು, ಇಂಗಾಲದ ಡೈ ಆಕ್ಸೈಡನ್ನು ಹೀರಿ, ಆಮ್ಲವಾಗಿ ಕೂಡಿಡುತ್ತದೆ. ಬೆಳಕು ಬಂದ ಮೇಲೆ ಅದರಿಂದಲೇ ಆಹಾರ ತಯಾರಾಗುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞರು ಈ ಎಲೆಯನ್ನು ಅಗಿದು ನೋಡಿ, ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಕಂಡುಕೊಂಡರು. 1815ರಲ್ಲಿ ಆ ಸಂಗತಿ ಅಚ್ಚಾಯಿತು. ಮಕ್ಕಳು ಮಾತ್ರ ಅವರಂತೆ ರುಚಿ ನೋಡಬಾರದು. ಆಡುಕುರಿಗಳಿಗೂ ಇದು ವಿಷ.

ಕುಂಡದ ತಳದಲ್ಲಿ ತೂತಿರಬೇಕು. ಮಣ್ಣಿಗೆ ಧಾರಾಳವಾಗಿ ಮರಳು ಬೆರೆಸಬೇಕು. ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಿರಿ. ಅಕ್ಟೋಬರ್, ನವೆಂಬರ್ ಮಳೆಯಲ್ಲಿ ಕುಂಡವನ್ನು ಸೂರಿನಡಿ ಇಡುವುದು ಮೇಲು.

ಬುಡ ಕೊಳೆತರೂ ಒಂದು ಒಳ್ಳೆಯ ಎಲೆ ಸಿಕ್ಕಿದರೆ ಸಾಕು. ತೇವದ ಮರಳಿನ ಮೇಲೆ ಮಲಗಿಸಿದರೆ ಅದರ ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳು ಮೂಡುತ್ತವೆ. ನಾವೂ ಹಾಗೆಯೇ ಮಾಡಿದೆವು. ಈಗ ಜಗಲಿಯಲ್ಲಿ ಮೂರು ಕುಂಡಗಳಿವೆ.